ಫಾರ್ಮರ್ ಚೇಂಬರ್: ಮೆಡಿಕಲ್ ಫಿಸಿಕ್ಸ್‌ಗೆ ಬರುವ ಮೊದಲು ಇದನ್ನು ಕೈಯಲ್ಲಿ ಹಿಡಿದು ನೋಡಿ

ಎಂ.ಎಸ್‌ಸಿ. ಫಿಸಿಕ್ಸ್ ಓದುತ್ತಿರುವವರು ನನ್ನನ್ನು ಜಾಸ್ತಿ ಕೇಳುವುದು ಇದನ್ನೇ: ಮೆಡಿಕಲ್ ಫಿಸಿಸಿಸ್ಟ್ ಆಸ್ಪತ್ರೆಯಲ್ಲಿ ಮಾಡುವ ಕೆಲಸವಾದರೂ ಏನು? ರೇಡಿಯೊಥೆರಪಿ (ವಿಕಿರಣದಿಂದ ಕ್ಯಾನ್ಸರ್ ಚಿಕಿತ್ಸೆ) ವಿಭಾಗದಲ್ಲಿ ನಾನು ಅತಿ ಹೆಚ್ಚು ನಂಬುವ ಸಾಧನದ ಬಗ್ಗೆ ಹೇಳಿದರೆ ಅದು ಬೇಗ ಅರ್ಥವಾಗುತ್ತದೆ.

ಫಾರ್ಮರ್ ಚೇಂಬರ್ ಎನ್ನುವುದು ವಿಕಿರಣದ ಡೋಸ್ ಅಳೆಯುವ ಸಾಧನದ ಒಂದು ಮಾದರಿಯ ಹೆಸರು. ಫ್ರಾಂಕ್ ಫಾರ್ಮರ್ 1955ರಲ್ಲಿ ಪ್ರಕಟಿಸಿದ ವಿನ್ಯಾಸವನ್ನೇ ಸ್ವಲ್ಪ ಬದಲಿಸಿ ಇಂದಿಗೂ ಹಲವು ಕಂಪನಿಗಳು ತಯಾರಿಸುತ್ತವೆ. ನೋಡಲು ಪೆನ್ನಿನಂಥ ಕಡ್ಡಿ. ತುದಿಯಲ್ಲಿ 0.6 ಘನ ಸೆಂಟಿಮೀಟರ್ ಗಾಳಿ, ಸುತ್ತ ತೆಳು ಗೋಡೆ, ನಡುವೆ ಸಣ್ಣ ಅಲ್ಯೂಮಿನಿಯಂ ಕಡ್ಡಿ. ವಿಕಿರಣ ಬಿದ್ದಾಗ ಗಾಳಿಯಲ್ಲಿ ಹುಟ್ಟುವ ಚಾರ್ಜನ್ನು ಎಲೆಕ್ಟ್ರೋಮೀಟರ್ ಅಳೆಯುತ್ತದೆ. 1 ಗ್ರೇ (ಡೋಸ್ ಅಳೆಯುವ ಮಾನ) ಡೋಸ್‌ಗೆ ಸಿಗುವುದು ಸುಮಾರು 20 ನ್ಯಾನೊಕೂಲಂಬ್ ಅಷ್ಟೇ.

ರೋಗಿಗಳೆಲ್ಲ ಹೋದ ಮೇಲೆ, ಚಿಕಿತ್ಸೆಯ ವಿಕಿರಣ ಯಂತ್ರ ಸರಿಯಾದ ಡೋಸ್ ಕೊಡುತ್ತಿದೆಯೇ ಎಂದು ನೋಡುವ ನಮ್ಮ ಅಳತೆ ಶುರು. ನೀರಿನ ತೊಟ್ಟಿಯಲ್ಲಿ 10 ಸೆಂ.ಮೀ. ಆಳಕ್ಕೆ ಚೇಂಬರ್ ಇಳಿಸಿ, ಅದರ ಉಷ್ಣತೆ ನೀರಿನಷ್ಟೇ ಆಗುವ ತನಕ ಕಾಯಬೇಕು. ಆತುರದವರಿಗೆ ಇದು ಬೇಸರ. ಆದರೆ ಕಾಯಲೇಬೇಕು. ಯಾಕೆಂದರೆ ಒಳಗಿನ ಗಾಳಿ ಹೊರಗಿನ ಗಾಳಿಯ ಜೊತೆ ಬೆರೆಯುತ್ತದೆ. ಬಿಸಿಯಾದರೆ ಅದು ಹಿಗ್ಗಿ ಸ್ವಲ್ಪ ಆಚೆ ಹೋಗುತ್ತದೆ. ಉಳಿದ ಗಾಳಿ ಕಡಿಮೆ, ಚಾರ್ಜೂ ಕಡಿಮೆ. ನೀರು 20 ಡಿಗ್ರಿಯ ಬದಲು 25 ಡಿಗ್ರಿ ಇದ್ದರೆ ರೀಡಿಂಗ್ ಶೇ 1.7ರಷ್ಟು ಇಳಿದಿರುತ್ತದೆ. ತಿಂಗಳ ತಪಾಸಣೆಯಲ್ಲಿ ಯಂತ್ರದ ಡೋಸ್‌ಗೆ ಸಾಮಾನ್ಯವಾಗಿ ಬಿಡುವ ಮಿತಿಯೇ ಶೇ 2! ತಿದ್ದುಪಡಿ ಮರೆತವರು ಯಂತ್ರ ಕಡಿಮೆ ಕೊಡುತ್ತಿದೆ ಅಂದುಕೊಂಡು ಡೋಸ್ ಏರಿಸಿಬಿಡಬಹುದು. ಆಮೇಲೆ ಚಿಕಿತ್ಸೆಯ ಮೇಜಿನ ಮೇಲೆ ಮಲಗುವ ಪ್ರತಿಯೊಬ್ಬರಿಗೂ ಜಾಸ್ತಿ ಹೋಗುತ್ತದೆ. ಅವರಿಗೆ ಅದು ಗೊತ್ತೂ ಆಗುವುದಿಲ್ಲ.

ಗಾಳಿಯ ಒತ್ತಡಕ್ಕೂ ಇಂಥದ್ದೇ ತಿದ್ದುಪಡಿ ಇದೆ. ಚೇಂಬರಿಗೆ ಕೊಡುವ ವೋಲ್ಟೇಜಿನ ಪ್ಲಸ್-ಮೈನಸ್ ತಿರುಗಿಸಿ, ಆಮೇಲೆ ವೋಲ್ಟೇಜನ್ನು ಅರ್ಧಕ್ಕಿಳಿಸಿ ಮತ್ತೆ ಅಳೆಯುವುದೂ ಇದೆ. ಥರ್ಮಾಮೀಟರ್ ಓದುವುದರಲ್ಲಿ ಒಬ್ಬ ಮನುಷ್ಯನ ಚಿಕಿತ್ಸೆ ಕಾಣಿಸುವವರಿಗೆ ಈ ವೃತ್ತಿ ಹಿಡಿಸುತ್ತದೆ. ನನಗಂತೂ ಇವತ್ತಿಗೂ ಬೇಸರ ಬಂದಿಲ್ಲ.

ಚೇಂಬರಿನ ದೊಡ್ಡ ಗುಣ ಸ್ಥಿರತೆ. ಜೋಪಾನವಾಗಿ ಇಟ್ಟುಕೊಂಡರೆ ವರ್ಷಗಟ್ಟಲೆ ಒಂದೇ ಮಾತು ಹೇಳುತ್ತದೆ. ಕೊರತೆಗಳೂ ಇವೆ. ಗಾಳಿಯ ಭಾಗ ಸುಮಾರು 2.3 ಸೆಂ.ಮೀ. ಉದ್ದ. ಹಾಗಾಗಿ ತೀರಾ ಸಣ್ಣ ಬೀಮ್‌ಗಳಲ್ಲಿ (ವಿಕಿರಣದ ಕಿರಣಪುಂಜಗಳಲ್ಲಿ) ಅದು ತುದಿಯ ಕಡಿಮೆ ಡೋಸನ್ನೂ ಸೇರಿಸಿ ಸರಾಸರಿ ಕೊಡುತ್ತದೆ. ಅಲ್ಲಿ ಇದನ್ನು ಬಳಸಲೇಬೇಡಿ. ಕಡಿಮೆ ಶಕ್ತಿಯ ಎಲೆಕ್ಟ್ರಾನ್ ಬೀಮ್‌ಗೆ ಚಪ್ಪಟೆ ಚೇಂಬರೇ ಬೇಕು. ಕೇಬಲ್ ಮಡಚಿದರೆ ಒಳಗೇ ಹಾಳಾಗುತ್ತದೆ, ಸುಮ್ನೆ ಸಡಿಲವಾಗಿ ಸುತ್ತಿಡಿ. ಆಗುವುದಾದರೆ ಎರಡು ಕೊಳ್ಳಿ. ಒಂದು ಕ್ಯಾಲಿಬ್ರೇಷನ್‌ಗೆ (ಪ್ರಮಾಣಿತ ಅಳತೆಗೆ ಹೋಲಿಸಿ ನೋಡಲು) ಹೋದಾಗ ಇನ್ನೊಂದು ಇರುತ್ತದೆ, ಒಂದಕ್ಕೊಂದು ಹೋಲಿಸಿಯೂ ನೋಡಬಹುದು.

ಕೋರ್ಸ್ ಹುಡುಕುತ್ತಿರುವವರಿಗೆ ಒಂದು ಮಾತು. ಡಿಗ್ರಿಯಷ್ಟೇ ಸಾಲದು, ಆಸ್ಪತ್ರೆಯಲ್ಲಿ ಹಿರಿಯರ ಕೈಕೆಳಗೆ ತರಬೇತಿ ಬೇಕು. ಸೇರುವ ಮೊದಲು ಅಲ್ಲಿನ ಹಳೆ ವಿದ್ಯಾರ್ಥಿಗಳನ್ನು ಕೇಳಿ: ಚೇಂಬರ್ ನಿಮ್ಮ ಕೈಗೆ ಸಿಗುತ್ತಿತ್ತಾ, ಇಲ್ಲ ದೂರದಿಂದ ನೋಡುವುದಷ್ಟೇನಾ? ತೊಟ್ಟಿ ತುಂಬಿಸುವುದರಿಂದ ಹಿಡಿದು ರಿಪೋರ್ಟ್ ಬರೆಯುವವರೆಗೆ ಎಲ್ಲವನ್ನೂ ನಿಮ್ಮ ಕೈಯಲ್ಲೇ ಮಾಡಿಸುವ ಕಡೆ ಸೇರಿ.