ಅಆಇಈ ಮೊದಲಾ, ರಗಸದಅ ಮೊದಲಾ?

ನಾವೆಲ್ಲ ಕಲಿತದ್ದು ಅ ಆ ಇ ಈ. 49 ಅಕ್ಷರ ಹಾಡಿನ ಹಾಗೆ ಬಾಯಿಗೆ ಬರುತ್ತದೆ, ಮುಂದೆ ನಿಘಂಟು ನೋಡಲೂ ಆ ಕ್ರಮ ಬೇಕು. ಆದರೆ ಸ್ವರ ಅಷ್ಟೂ ಮುಗಿದರೂ ಮಗು ಓದಬಲ್ಲ ಪದ ಹೆಚ್ಚುಕಮ್ಮಿ ಸೊನ್ನೆ, ಇನ್ನು ಙ, ಞ ತಿದ್ದುವ ಹೊತ್ತಿಗೆ ಬೇಜಾರು ಬಂದಿರುತ್ತದೆ ಅಲ್ವಾ?

ಸರ್ಕಾರಿ ಶಾಲೆಗಳ ನಲಿಕಲಿ ಎಂಬ ಚಟುವಟಿಕೆ ಆಧಾರಿತ ಕಲಿಕಾ ಪದ್ಧತಿಯಲ್ಲಿ (1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದದ್ದು) ಮೊದಲು ಬರುವುದು ರ ಗ ಸ ದ ಅ. ಐದೇ ಅಕ್ಷರ. ಅಷ್ಟರಲ್ಲೇ ಸರ, ಅರಸ, ಅಗಸ, ಕೊನೆಗೆ ಗರಗಸ ಕೂಡ ಓದಿಬಿಡಬಹುದು, ಆ ಖುಷಿಯೇ ಮಗುವನ್ನು ಮುಂದಕ್ಕೆ ಎಳೆಯುತ್ತದೆ. ತೊಂದರೆ ಅಂದರೆ ಅಜ್ಜಿ "ಅ ಆ ಹೇಳು ಪುಟ್ಟ" ಅಂದಾಗ ಪಿಳಿಪಿಳಿ ನೋಡುತ್ತದೆ.

ಕಾಗುಣಿತದ ಕಷ್ಟ ಎರಡರಲ್ಲೂ ತಪ್ಪಿದ್ದಲ್ಲ. ಮನೆಯಲ್ಲಿ ಜಾಸ್ತಿ ಸಮಯ ಸಿಗದವರು ರಗಸದಅ ಹಿಡಿಯಿರಿ, ವರ್ಣಮಾಲೆಯನ್ನು ಸುಮ್ನೆ ಹಾಡಿಸುತ್ತಿರಿ.