ಮಾಡಿಫೈ ಆದ ಕಾರನ್ನು ಜರ್ಮನಿಗೆ ತರುವ ಮುಂಚೆ ಇದನ್ನೊಮ್ಮೆ ಓದಿ

ಇಂಗ್ಲೆಂಡಿನಲ್ಲಿ ಕೆಲಸ ಮಾಡಿಕೊಂಡಿದ್ದು ಈಗ ಜರ್ಮನಿಗೆ ಹೊರಟಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಸಾಮಾನಿನ ಜೊತೆ ಕಾರನ್ನೂ ತಂದುಬಿಡೋಣ ಅನ್ನಿಸುವುದು ಸಹಜ. ಕಾರು ಕಂಪನಿಯಿಂದ ಬಂದ ಹಾಗೇ ಇದ್ದರೆ ತನ್ನಿ, ಓಡಾಟ ಇದ್ದೇ ಇದೆ, ಆದರೆ ಕೆಲಸ ಆಗುತ್ತದೆ. ಚಕ್ರ, ಸ್ಪ್ರಿಂಗ್, ಸೈಲೆನ್ಸರ್ ಇಂಥದ್ದೇನಾದರೂ ಬದಲಾಗಿದ್ದರೆ ಅಲ್ಲೇ ಮಾರಿಬಿಡಿ. ಮಾರಲು ಮನಸ್ಸಿಲ್ಲದಿದ್ದರೆ ಗಾಡಿ ಹತ್ತಿಸುವ ಮುಂಚೆಯೇ ಒರಿಜಿನಲ್ ಭಾಗಗಳನ್ನು ವಾಪಸ್ ಹಾಕಿಸಿ. ಇಲ್ಲಿಗೆ ಬಂದ ಮೇಲೆ ನೋಡಿಕೊಳ್ಳೋಣ ಅಂದರೆ ಏನಾಗುತ್ತದೆ ಅನ್ನುವುದನ್ನು ನಾನು ನೋಡಿದ್ದೇನೆ.

ನನ್ನದು 2017ರ ಫೋಕ್ಸ್‌ವ್ಯಾಗನ್ ಗಾಲ್ಫ್ ಕಾರು. ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಹಿಂದಿನ ಮಾಲೀಕನಿಗೆ ಕಾರಿನ ಹುಚ್ಚು ಇತ್ತು ಅಂತ ಕಾಣುತ್ತದೆ. ಕಾರು ನೆಲಕ್ಕೆ ಹತ್ತಿರ ಕೂರುವ ಹಾಗೆ ಗಿಡ್ಡ ಸ್ಪ್ರಿಂಗ್, 19 ಇಂಚಿನ ಅಲಾಯ್ ವೀಲ್, ಹೊರಗಿನ ಕಂಪನಿಯ ಸೈಲೆನ್ಸರ್, ಮುಂದಿನ ಬಾಗಿಲಿನ ಗಾಜಿಗೆ ತೆಳು ಫಿಲ್ಮ್, ಎಂಜಿನ್‌ಗೆ ರೀಮ್ಯಾಪ್, ಅಂದರೆ ಶಕ್ತಿ ಹೆಚ್ಚಿಸಲು ಸಾಫ್ಟ್‌ವೇರ್ ಬದಲಾವಣೆ. ಇಷ್ಟೂ ಇಂಗ್ಲೆಂಡಿನಲ್ಲಿ ತಕರಾರಿಲ್ಲದೆ ನಡೆಯುತ್ತಿತ್ತು. ಅಲ್ಲಿನ ವರ್ಷದ ಎಂಒಟಿ ಪರೀಕ್ಷೆ ಪಾಸಾಗುತ್ತಿತ್ತು. ಇನ್ಶೂರೆನ್ಸ್‌ನವರಿಗೆ ಎಲ್ಲ ಬದಲಾವಣೆ ತಿಳಿಸಿ ಜಾಸ್ತಿ ಪ್ರೀಮಿಯಂ ಕಟ್ಟಿದ್ದೆ. ಮುಂದಿನ ಬಾಗಿಲಿನ ಗಾಜಿನಲ್ಲಿ ಶೇ. 70ರಷ್ಟು ಬೆಳಕು ಒಳಗೆ ಬಂದರೆ ಸಾಕು ಅನ್ನುವುದು ಅಲ್ಲಿನ ನಿಯಮ, ಅದೂ ಸರಿಯಾಗಿತ್ತು.

ಸ್ಥಳಾಂತರದ ಕೆಲಸಕ್ಕೆ ಕಂಪನಿ ಒಬ್ಬ ಏಜೆಂಟ್‌ನನ್ನು ಗೊತ್ತುಮಾಡಿತ್ತು. ಹೆಸರು ಬೇಡ. ಕಾರಿನಲ್ಲಿ ಇಂಥಿಂಥ ಬದಲಾವಣೆ ಇದೆ, ಜರ್ಮನಿಯಲ್ಲಿ ರಿಜಿಸ್ಟರ್ ಆಗುತ್ತದಾ ಅಂತ ಫೋಟೋ ಸಮೇತ ಮೇಲ್ ಹಾಕಿ ಕೇಳಿದೆ. ‘ಇಂಗ್ಲೆಂಡಿನಲ್ಲಿ ಕಾನೂನುಬದ್ಧವಾಗಿ ಓಡುತ್ತಿರುವ ಕಾರು, ಏನೂ ಸಮಸ್ಯೆ ಇಲ್ಲ. ತಯಾರಕರಿಂದ ಸಿಒಸಿ ಪತ್ರ ತರಿಸಿಕೊಳ್ಳಿ, ಸಾಕು’ ಅಂತ ಉತ್ತರ ಬಂತು. ದುಡ್ಡು ತಗೊಂಡು ಇದೇ ಕೆಲಸ ಮಾಡುವವನು ಬರೆದುಕೊಟ್ಟ ಮಾತು.

ಆ ಸಿಒಸಿ (ಸರ್ಟಿಫಿಕೇಟ್ ಆಫ್ ಕನ್ಫರ್ಮಿಟಿ) ಬಗ್ಗೆ ಎರಡು ಮಾತು ಹೇಳಲೇಬೇಕು, ಯಾಕೆಂದರೆ ಎಲ್ಲರೂ ಅದನ್ನು ಪಾಸ್‌ಪೋರ್ಟ್ ಅಂದುಕೊಂಡಿದ್ದಾರೆ. ಕಾರು ಫ್ಯಾಕ್ಟರಿ ಬಿಟ್ಟಾಗ ಹೇಗಿತ್ತು ಅನ್ನುವುದಷ್ಟೇ ಅದರಲ್ಲಿರುತ್ತದೆ. ಯಾವ ಅಳತೆಯ ಟೈರು, ಎಂಜಿನ್ ಎಷ್ಟು ಕಿಲೋವ್ಯಾಟ್, ನಿಂತಲ್ಲಿ ಎಷ್ಟು ಡೆಸಿಬೆಲ್ ಸದ್ದು, ಎಲ್ಲ ಅದರಲ್ಲಿ ಬರೆದಿರುತ್ತದೆ. ಏನೂ ಬದಲಾಗದ ಕಾರಿಗೆ ಅದು ಒಳ್ಳೆಯ ಪತ್ರ. ಬದಲಾದ ಕಾರಿನ ಪಾಲಿಗೆ ಅದೇ ಎದುರು ಸಾಕ್ಷಿ. ಪರೀಕ್ಷೆ ಮಾಡುವವರು ಅದನ್ನು ಕೈಯಲ್ಲಿ ಹಿಡಿದು ಕಾರಿನ ಸುತ್ತ ಒಂದು ಸುತ್ತು ಬಂದರೆ ಎಲ್ಲೆಲ್ಲಿ ಕೈ ಆಡಿದೆ ಅಂತ ಗೊತ್ತಾಗಿಬಿಡುತ್ತದೆ.

ಮೊದಲ ಹಂತ ಕಸ್ಟಮ್ಸ್. ಬ್ರೆಕ್ಸಿಟ್ ಆದ ಮೇಲೆ, ಅಂದರೆ 2021ರಿಂದ, ಇಂಗ್ಲೆಂಡು ಹೊರಗಿನ ದೇಶ. ಸುಮ್ನೆ ಕಾರು ತಂದರೆ ಶೇ. 10 ಸುಂಕ, ಅದರ ಮೇಲೆ ಶೇ. 19 ತೆರಿಗೆ ಬೀಳಬಹುದು. ಮನೆ ಬದಲಿಸಿ ಬರುವವರಿಗೆ ವಿನಾಯಿತಿ ಇದೆ. ಯುರೋಪಿಯನ್ ಒಕ್ಕೂಟದ ಹೊರಗೆ ಕನಿಷ್ಠ 12 ತಿಂಗಳು ವಾಸವಾಗಿರಬೇಕು. ಕಾರು ಕನಿಷ್ಠ 6 ತಿಂಗಳಿಂದ ನಮ್ಮದಾಗಿದ್ದು ನಾವೇ ಬಳಸುತ್ತಿರಬೇಕು. ಇದೆಲ್ಲ ನನ್ನ ಬಳಿ ಪಕ್ಕಾ ಇತ್ತು, ಒಂದು ಯೂರೋ ಕೊಡದೆ ಕಾರು ಒಳಗೆ ಬಂತು. ಕಸ್ಟಮ್ಸ್ ಕೊಟ್ಟ ಕಾಗದದಲ್ಲಿ ಒಂದು ಷರತ್ತೂ ಇತ್ತು. ವಿನಾಯಿತಿಯಲ್ಲಿ ತಂದ ವಸ್ತುವನ್ನು 12 ತಿಂಗಳು ಮಾರುವ ಹಾಗಿಲ್ಲ, ಬಾಡಿಗೆಗೆ ಕೊಡುವ ಹಾಗಿಲ್ಲ, ಯಾರಿಗಾದರೂ ಬಳಸಲು ಬಿಟ್ಟುಕೊಡುವ ಹಾಗೂ ಇಲ್ಲ. ಮಾರಬೇಕಾದರೆ ಮೊದಲು ಅವರಿಗೆ ತಿಳಿಸಿ ಬಿಟ್ಟ ತೆರಿಗೆ ಕಟ್ಟಬೇಕು. ಈ ಷರತ್ತನ್ನು ನೆನಪಿಟ್ಟುಕೊಳ್ಳಿ, ಮುಂದೆ ಕತ್ತು ಹಿಡಿಯುವುದು ಇದೇ.

ಆಮೇಲೆ ತಾಂತ್ರಿಕ ಪರೀಕ್ಷೆ. ಜರ್ಮನಿಯಲ್ಲಿ ಟಿಯುವಿ, ಡೆಕ್ರಾ ಮುಂತಾದ ಸಂಸ್ಥೆಗಳು ಇದನ್ನು ಮಾಡುತ್ತವೆ. ನಾನು ಹೋದ ಕೇಂದ್ರದ ಪರೀಕ್ಷಕರು ಒಳ್ಳೆಯವರೇ, ಒರಟು ಮಾತಿಲ್ಲ. ಟಾರ್ಚ್ ಹಿಡಿದು ಚಕ್ರದ ಪಕ್ಕ ಕುಕ್ಕರುಗಾಲಲ್ಲಿ ಕೂತರು. ಕಡ್ಡಿಗಳ ಹಿಂಬದಿಯ ಕೊಳೆಯನ್ನು ಬಟ್ಟೆಯಿಂದ ಒರೆಸಿ ಏನನ್ನೋ ಹುಡುಕಿದರು. ಅಲ್ಲಿ ಜೆಡಬ್ಲ್ಯುಎಲ್ ಅಂತ ಅಚ್ಚೊತ್ತಿತ್ತು. ಅದು ಜಪಾನಿನ ಗುಣಮಟ್ಟದ ಗುರುತು. ‘ಕೆಬಿಎ ಎಲ್ಲಿ?’ ಅಂದರು. ಕೆಬಿಎ ಅಂದರೆ ಜರ್ಮನಿಯ ವಾಹನ ಪ್ರಾಧಿಕಾರ. ಅವರ ಒಪ್ಪಿಗೆ ಪಡೆದ ಚಕ್ರಕ್ಕೆ ಆ ಮೂರು ಅಕ್ಷರ ಮತ್ತು ಒಂದು ನಂಬರ್ ಇರುತ್ತದೆ. ಅದಿಲ್ಲದಿದ್ದರೆ ಈ ಚಕ್ರ ಈ ಕಾರಿಗೆ ಆಗುತ್ತದೆ ಅನ್ನುವ ಬೇರೆ ಪರೀಕ್ಷಾ ವರದಿ ಬೇಕು. ನನ್ನ ಬಳಿ ಎರಡೂ ಇರಲಿಲ್ಲ.

ಹಾಗಾದರೆ ನೀವೇ ಪರೀಕ್ಷೆ ಮಾಡಿ, ದುಡ್ಡು ಕೊಡುತ್ತೇನೆ ಅಂದೆ. ಅವರು ನಕ್ಕರು. ಚಕ್ರದ ಗಟ್ಟಿತನ ಪರೀಕ್ಷಿಸಬೇಕಾದರೆ ಲ್ಯಾಬಿನಲ್ಲಿ ಅದು ಒಡೆಯುವ ತನಕ ಹೊಡೆಯಬೇಕಂತೆ. ಪಾಸಾದರೂ ಹಾಕಿಕೊಳ್ಳಲು ಚಕ್ರ ಉಳಿಯುವುದಿಲ್ಲ!

ಮುಂದೆ ಕಾರನ್ನು ಲಿಫ್ಟ್ ಮೇಲೆ ಎತ್ತಿದರು. ಗಿಡ್ಡ ಸ್ಪ್ರಿಂಗ್ ಒಳ್ಳೆಯ ಜರ್ಮನ್ ಕಂಪನಿಯದ್ದೇ, ಅದಕ್ಕೆ ಟೈಲೆಗುಟಾಖ್ಟೆನ್ ಅನ್ನುವ ಭಾಗದ ವರದಿಯೂ ಸಿಗುತ್ತದೆ. ಆ ವರದಿಯಲ್ಲಿರುವ ನಂಬರು ಸ್ಪ್ರಿಂಗ್ ಮೇಲೆ ಕಾಣಬೇಕು. ಇಂಗ್ಲೆಂಡಿನ ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪು ನನ್ನ ಸ್ಪ್ರಿಂಗಿನ ಬಣ್ಣ, ನಂಬರು ಎರಡನ್ನೂ ತಿಂದುಹಾಕಿತ್ತು. ಬರೀ ತುಕ್ಕು. ಸೈಲೆನ್ಸರ್ ಮೇಲೆ ‘ಇ’ ಗುರುತು ಇರಬೇಕಿತ್ತು. ವೃತ್ತದೊಳಗೆ ಇ ಅಕ್ಷರ, ಪಕ್ಕದಲ್ಲಿ ಒಪ್ಪಿಗೆ ಕೊಟ್ಟ ದೇಶದ ಸಂಖ್ಯೆ. 1 ಜರ್ಮನಿಯದ್ದು, 11 ಬ್ರಿಟನ್ನಿನದ್ದು. ನನ್ನದರಲ್ಲಿ ತಯಾರಕನ ಹೆಸರು ಮಾತ್ರ ಫಳಫಳ ಹೊಳೆಯುತ್ತಿತ್ತು. ಮುಂದಿನ ಬಾಗಿಲಿನ ಗಾಜಿಗೆ ಇಲ್ಲಿ ಬಣ್ಣದ ಫಿಲ್ಮ್ ನಡೆಯುವುದಿಲ್ಲ. ಶೇ. 70 ಲೆಕ್ಕ ಇವರಿಗೆ ಬೇಡ. ರೀಮ್ಯಾಪ್‌ಗೂ ಅಷ್ಟೇ, ಹೊಗೆ ಮತ್ತು ಶಕ್ತಿಯ ವರದಿ ಇಲ್ಲದಿದ್ದರೆ ಒಪ್ಪಿಗೆ ಇಲ್ಲ.

ಇಲ್ಲಿನವರ ಯೋಚನೆ ನಮಗೆ ಹೊಸದು. ಭಾಗ ಚೆನ್ನಾಗಿದೆಯಾ, ಅಪಾಯ ಇದೆಯಾ ಅನ್ನುವುದು ಆಮೇಲಿನ ಮಾತು. ಈ ಭಾಗ ಈ ಕಾರಿಗೆ ಅಂತ ಒಪ್ಪಿಗೆ ಕೊಟ್ಟ ಕಾಗದ ಎಲ್ಲಿ ಅನ್ನುವುದೇ ಮೊದಲ ಪ್ರಶ್ನೆ. ಒಪ್ಪಿಗೆ ಇಲ್ಲದ ಬದಲಾವಣೆಯಿಂದ ಅಪಾಯ ಆಗಬಹುದು, ಹೊಗೆ ಅಥವಾ ಸದ್ದು ಕೆಡಬಹುದು ಅನ್ನಿಸಿದರೆ ಇಡೀ ಕಾರಿನ ಓಡುವ ಪರವಾನಗಿಯೇ ಬಿದ್ದುಹೋಗುತ್ತದೆ. ನಮ್ಮಲ್ಲೂ ಕಾನೂನು ಏನು ಸಡಿಲ ಇಲ್ಲ. 2012ರಲ್ಲಿ ಸುಪ್ರೀಂ ಕೋರ್ಟ್ ಕಾರಿನ ಗಾಜಿನ ಫಿಲ್ಮ್ ತೆಗೆಸಿತು. 2019ರಲ್ಲಿ ತಯಾರಕರು ಕೊಟ್ಟ ವಿನ್ಯಾಸ ಬದಲಿಸುವ ಹಾಗಿಲ್ಲ ಅಂತಲೂ ಹೇಳಿತು. ಆದರೆ ನಮ್ಮಲ್ಲಿ ಟ್ರಾಫಿಕ್ ಪೊಲೀಸರು ಹಿಡಿದರೆ ದಂಡ, ಇಲ್ಲದಿದ್ದರೆ ಗಾಡಿ ಓಡುತ್ತಿರುತ್ತದೆ. ಜರ್ಮನಿಯಲ್ಲಿ ನಂಬರ್ ಪ್ಲೇಟೇ ಸಿಗುವುದಿಲ್ಲ.

ಪರೀಕ್ಷೆ ಫೇಲಾದ ದಿನದಿಂದ ಶುರುವಾಯಿತು ನೋಡಿ ನಿಜವಾದ ಫಜೀತಿ. ಇಲ್ಲಿ ಮನೆ ಮಾಡಿದ ಮೇಲೆ ಬ್ರಿಟನ್ನಿನ ನಂಬರಿನಲ್ಲಿ ಓಡಿಸುತ್ತಾ ಇರುವ ಹಾಗಿಲ್ಲ, ಅಲ್ಲಿನ ಇನ್ಶೂರೆನ್ಸ್ ಕೂಡ ಅಲ್ಲಿ ವಾಸ ಇರುವವರಿಗೆ. ರಿಜಿಸ್ಟರ್ ಆಗದ ಕಾರನ್ನು ಸಾರ್ವಜನಿಕ ರಸ್ತೆಯಲ್ಲಿ ನಿಲ್ಲಿಸುವಂತೆಯೂ ಇಲ್ಲ. ನಗರಸಭೆಯವರು ಬಣ್ಣದ ಸ್ಟಿಕ್ಕರ್ ಅಂಟಿಸಿ ಹೋಗುತ್ತಾರೆ, ಗಡುವು ಮುಗಿದರೆ ಎಳೆದುಕೊಂಡು ಹೋಗುತ್ತಾರೆ, ಖರ್ಚು ನಮ್ಮದೇ. ಪೀಡೆ ತೊಲಗಲಿ ಅಂತ ಮಾರೋಣ ಅಂದರೆ ಕಸ್ಟಮ್ಸಿನ 12 ತಿಂಗಳ ಷರತ್ತು. ಹಾಗೂ ತೆರಿಗೆ ಕಟ್ಟಿ ಮಾರುತ್ತೇನೆ ಅಂದರೂ ಬಲಗಡೆ ಸ್ಟೀರಿಂಗ್ ಇರುವ, ರಿಜಿಸ್ಟರ್ ಆಗದ ಕಾರನ್ನು ಕೊಳ್ಳುವವರು ಯಾರು? ಇದೇ ಜರ್ಮನಿಯ ವುಲ್ಫ್ಸ್‌ಬರ್ಗ್ ಊರಿನ ಕಂಪನಿಯ ಗಾಲ್ಫ್ ಸ್ವಾಮಿ ಇದು. ತವರಿಗೆ ಬಂದ ಮಗಳನ್ನು ಬಾಗಿಲಲ್ಲೇ ನಿಲ್ಲಿಸಿ ಆಧಾರ್ ಕಾರ್ಡ್ ಕೇಳಿದಂತಾಯಿತು.

ಖಾಸಗಿ ಗ್ಯಾರೇಜೊಂದನ್ನು ತಿಂಗಳ ಬಾಡಿಗೆಗೆ ಹಿಡಿದು ಕಾರನ್ನು ಒಳಗೆ ತಳ್ಳಿದೆ. ಏಜೆಂಟ್‌ಗೆ ಅವನದೇ ಮೇಲ್ ತೋರಿಸಿದೆ. ‘ನಮ್ಮ ಸೇವೆ ಸಾಗಣೆ ಮತ್ತು ಕಸ್ಟಮ್ಸ್‌ಗೆ ಮಾತ್ರ, ರಿಜಿಸ್ಟ್ರೇಷನ್ ಬಗ್ಗೆ ಹೇಳಿದ್ದು ಸಾಮಾನ್ಯ ಮಾಹಿತಿ’ ಅಂತ ಕರಾರಿನ ಒಂದು ಸಾಲು ಎತ್ತಿ ಕಳಿಸಿದ. ಸಾಮಾನ್ಯ ಮಾಹಿತಿ! ಈ ಊರಿನಲ್ಲೇ ಬಹಳ ಕಾಲದಿಂದ ಇರುವ ಹಾಸನ ಕಡೆಯ ಗೆಳೆಯನಿಗೆ ಫೋನ್ ಮಾಡಿದರೆ, ‘ಗುರು, ಕಾಗದ ಇಲ್ಲದ ಸಾಮಾನು ಹಿಡ್ಕೊಂಡು ಇವರ ಹತ್ರ ವಾದ ಮಾಡ್ಬೇಡ. ಬಿಚ್ಚಿಸಿ ಬಿಸಾಕು, ಕಂಪನಿ ಸಾಮಾನು ಹಾಕ್ಸು’ ಅಂದ. ಕೊನೆಗೆ ಆಗಿದ್ದೂ ಅದೇ.

ಗಾಲ್ಫ್ ಆಗಿದ್ದಕ್ಕೆ ಬಚಾವಾದೆ. ಒರಿಜಿನಲ್ ಚಕ್ರ, ಸ್ಪ್ರಿಂಗ್, ಸೈಲೆನ್ಸರ್ ಎಲ್ಲವೂ ಸೆಕೆಂಡ್ ಹ್ಯಾಂಡ್ ಸಿಕ್ಕವು. ಅಪರೂಪದ ಕಾರಾಗಿದ್ದರೆ ದೇವರೇ ಗತಿ. ಒಬ್ಬ ಮೆಕ್ಯಾನಿಕ್ ಎಂಜಿನ್‌ಗೆ ಕಂಪನಿ ಸಾಫ್ಟ್‌ವೇರ್ ವಾಪಸ್ ಹಾಕಿದ. ಗಾಜಿನ ಫಿಲ್ಮ್ ಅನ್ನು ಬಿಸಿಗಾಳಿ ಕೊಟ್ಟು ಎಳೆದರೆ ಬಂತು, ಅಂಟು ಬರಲಿಲ್ಲ. ಅದನ್ನು ಕೆರೆದು ತೆಗೆಯುವಷ್ಟರಲ್ಲಿ ನನ್ನ ಹೆಂಡತಿ ಈ ಕಾರಿಗೆ ಇಟ್ಟ ಹೆಸರುಗಳನ್ನು ಇಲ್ಲಿ ಬರೆಯುವಂತಿಲ್ಲ.

ಇಷ್ಟೆಲ್ಲ ಆದ ಮೇಲೂ ದೀಪಗಳು ಉಳಿದಿದ್ದವು. ಇದು ಮಾಡಿಫೈ ಆಗದ ಕಾರಿನವರಿಗೂ ಬರುವ ಖರ್ಚು, ಲೆಕ್ಕದಲ್ಲಿಟ್ಟುಕೊಳ್ಳಿ. ಬ್ರಿಟನ್ನಿನಲ್ಲಿ ನಮ್ಮ ಹಾಗೇ ಎಡಕ್ಕೆ ಓಡಿಸುತ್ತಾರೆ, ಅಲ್ಲಿನ ಹೆಡ್‌ಲೈಟ್ ರಸ್ತೆಯ ಎಡ ಅಂಚಿಗೆ ಬೆಳಕು ಎತ್ತಿ ಚೆಲ್ಲುತ್ತದೆ. ಜರ್ಮನಿಯಲ್ಲಿ ಅದೇ ಬೆಳಕು ಎದುರಿನಿಂದ ಬರುವವರ ಕಣ್ಣಿಗೆ. ಪ್ರವಾಸಿಗಳು ಅಂಟಿಸಿಕೊಳ್ಳುವ ಸ್ಟಿಕ್ಕರ್ ರಿಜಿಸ್ಟ್ರೇಷನ್‌ಗೆ ನಡೆಯಲಿಲ್ಲ, ಹೆಡ್‌ಲೈಟೇ ಬದಲಿಸಬೇಕಾಯಿತು. ಎಲ್‌ಇಡಿ ಆಗಿದ್ದರೆ ಹೊಸ ಜೊತೆಗೆ ಸಾವಿರ ಯೂರೋ ದಾಟುತ್ತದೆ. ಹಿಂದಿನ ಫಾಗ್ ಲೈಟ್ ಬ್ರಿಟನ್ನಿನ ಕಾರಿನಲ್ಲಿ ಬಲಕ್ಕಿರುತ್ತದೆ, ಇಲ್ಲಿ ಎಡಕ್ಕೆ ಅಥವಾ ಮಧ್ಯಕ್ಕೆ ಇರಬೇಕು. ಸ್ಟೀರಿಂಗ್ ಬಲಕ್ಕಿರುವುದಕ್ಕೆ ಮಾತ್ರ ಯಾರೂ ಏನೂ ಅನ್ನುವುದಿಲ್ಲ, ವಿಚಿತ್ರ ಅಲ್ವಾ.

ಪರೀಕ್ಷೆಗೆ ಒಯ್ಯಲು 5 ದಿನದ ತಾತ್ಕಾಲಿಕ ಪ್ಲೇಟ್ ಸಿಗುತ್ತದೆ, ಬಲ ಅಂಚಿನಲ್ಲಿ ಹಳದಿ ಪಟ್ಟಿ ಇರುತ್ತದೆ. ಪರೀಕ್ಷೆ ಪಾಸಾಗದ ಕಾರಿಗೆ ಅದನ್ನು ಕೊಟ್ಟರೂ ಪರೀಕ್ಷಾ ಕೇಂದ್ರಕ್ಕೆ ಮತ್ತು ರಿಪೇರಿಗೆ ಹೋಗಿಬರಲು ಮಾತ್ರ. ಅದರಲ್ಲಿ ಊರು ಸುತ್ತಲು ಹೋಗಬೇಡಿ.

ಬೇರೆ ದೇಶಕ್ಕೆ ಹೊರಟವರೂ ಇದನ್ನು ಜರ್ಮನಿಯ ಕಥೆ ಅಂತ ಬಿಡಬೇಡಿ. ಅಮೆರಿಕಕ್ಕಾದರೆ ಅಲ್ಲಿನ ನಿಯಮಕ್ಕೆ ತಕ್ಕ ಹಾಗೆ ತಯಾರಾಗದ ಕಾರು 25 ವರ್ಷ ಹಳೆಯದಾಗುವ ತನಕ ಸುಲಭವಾಗಿ ಒಳಗೆ ಹೋಗುವುದಿಲ್ಲ. ಆಸ್ಟ್ರೇಲಿಯಾಕ್ಕೆ ಹಡಗು ಹತ್ತಿಸುವ ಮುಂಚೆಯೇ ಆಮದು ಒಪ್ಪಿಗೆ ಕೈಯಲ್ಲಿರಬೇಕು. ಊರಿಗೇ ಒಯ್ಯೋಣ, ಸ್ಟೀರಿಂಗ್ ಹೇಗೂ ಬಲಕ್ಕಿದೆ ಅಂತ ನನಗೆ ಸಲಹೆ ಕೊಟ್ಟವರೂ ಇದ್ದರು. ಮೂರು ವರ್ಷಕ್ಕಿಂತ ಹಳೆಯ ಕಾರನ್ನು ಭಾರತಕ್ಕೆ ತರಲು ಬಿಡುವುದಿಲ್ಲ. ಬಿಟ್ಟ ಕಾರಿಗೂ ಸುಂಕ ಕಾರಿನ ಬೆಲೆಯನ್ನೇ ಮೀರುತ್ತದೆ.

ಈಗ ಹೊರಡುವವರು ಒಂದು ಸಂಜೆ ಬಿಡುವು ಮಾಡಿಕೊಂಡು ಕಾರಿನ ಕೆಳಗೆ ಟಾರ್ಚ್ ಹಾಕಿ ನೋಡಿ. ಹೊರಗಿನಿಂದ ಹಾಕಿಸಿದ ಪ್ರತಿ ಭಾಗದ ಮೇಲಿನ ನಂಬರಿನ ಫೋಟೋ ತೆಗೆಯಿರಿ, ತುಕ್ಕು ಹಿಡಿದಿದ್ದರೆ ಅದರದೂ ಸೇರಿಸಿ. ಅವನ್ನು ಏಜೆಂಟ್‌ಗೆ ಕಳಿಸಬೇಡಿ. ನೀವು ಹೋಗುವ ಊರಿನ ಪರೀಕ್ಷಾ ಕೇಂದ್ರದ ಎಂಜಿನಿಯರ್‌ಗೇ ಮೇಲ್ ಮಾಡಿ, ಯಾವುದಕ್ಕೆ ಯಾವ ವರದಿ ಬೇಕು ಅಂತ ಕೇಳಿ. ವರದಿ ಸಿಗದ ಭಾಗವನ್ನು ಇಂಗ್ಲೆಂಡಿನಲ್ಲೇ ಬಿಚ್ಚಿಸಿ. ಕಾರು ಮಾರಿದವರ ಬಳಿ ಹಳೆಯ ಚಕ್ರ, ಸ್ಪ್ರಿಂಗ್ ಇನ್ನೂ ಇದೆಯಾ ಅಂತಲೂ ಕೇಳಿ ನೋಡಿ. ಬ್ರಿಟನ್ನಿನ ವಿ5ಸಿ ಅನ್ನುವ ರಿಜಿಸ್ಟ್ರೇಷನ್ ಪುಸ್ತಕದಲ್ಲಿ ರಫ್ತಿನ ಭಾಗವನ್ನಷ್ಟೇ ಅಲ್ಲಿನ ಇಲಾಖೆಗೆ ಕಳಿಸಿ, ಉಳಿದದ್ದನ್ನು ಜೋಪಾನವಾಗಿ ಜೊತೆಗೆ ತನ್ನಿ. ಇಲ್ಲಿ ನಂಬರ್ ಕೊಡುವವರು ಅದರ ಮೂಲಪ್ರತಿಯನ್ನೇ ಕೇಳುತ್ತಾರೆ.