ಲೋರಾ ಸೆನ್ಸರ್ ನೋಡ್: ಕಾಡಿನಲ್ಲಿ ದೀರ್ಘಕಾಲ ಬಳಸಿದ ಮೇಲಿನ ವಿಮರ್ಶೆ

ಪ್ರಾಣಿ ಹಾದುಹೋದದ್ದನ್ನು ಗುರುತಿಸಿ, ಲೋರಾ (ಕಡಿಮೆ ವಿದ್ಯುತ್ತಿನಲ್ಲಿ ದೂರಕ್ಕೆ ಪುಟ್ಟ ಸಂದೇಶ ಕಳಿಸುವ ರೇಡಿಯೋ ವಿಧಾನ) ಮೂಲಕ ತಿಳಿಸುವ ಪುಟ್ಟ ಸಾಧನ ಈ ನೋಡ್. ಒಳಗಿರುವುದು ಎಸ್‌ಎಕ್ಸ್1262 ರೇಡಿಯೋ ಚಿಪ್, ಪಿಐಆರ್ (ಚಲಿಸುವ ಬಿಸಿಯನ್ನು ಗುರುತಿಸುವ) ಸೆನ್ಸರ್, 3.6 ವೋಲ್ಟ್‌ನ 19 ಆಂಪಿಯರ್-ಅವರ್ ಲಿಥಿಯಂ ಥಯೋನಿಲ್ ಕ್ಲೋರೈಡ್ ಸೆಲ್. ಪ್ರಾಣಿಗಳ ಜಾಡಿನಲ್ಲಿ, ನೀರಿನ ಹೊಂಡಗಳ ಬಳಿ ಇಡುವ ನೋಡ್‌ಗೆ ಈ ಜೋಡಣೆ ಚೆನ್ನಾಗಿ ಒಗ್ಗುತ್ತದೆ. ಪೆಟ್ಟಿಗೆಯ ಮೇಲೆ ಬರೆದ ಬ್ಯಾಟರಿ ಆಯುಷ್ಯವನ್ನು ಮಾತ್ರ ನಂಬಬೇಡಿ.

ಸಂದೇಶ ಕಳಿಸುವ ಖರ್ಚನ್ನೇ ಎಲ್ಲರೂ ಲೆಕ್ಕ ಹಾಕುತ್ತಾರೆ. ಸೆಲ್ಲನ್ನು ತಿನ್ನುವುದು ಹೆಚ್ಚಾಗಿ ನಿದ್ದೆಯ ಕರೆಂಟ್, ಅಂದರೆ ನೋಡ್ ಕೆಲಸವಿಲ್ಲದೆ ಮಲಗಿದ್ದಾಗ ಎಳೆಯುವುದು. ನೋಡ್ 10 ಮೈಕ್ರೋಆಂಪಿಯರ್‌ನಲ್ಲಿ ಮಲಗಿದರೆ ವರ್ಷಕ್ಕೆ ಸುಮಾರು 88 ಮಿಲಿಆಂಪಿಯರ್-ಅವರ್ ಸಾಕು. ಬೋರ್ಡಿನಲ್ಲಿ ಎಎಂಎಸ್1117 ರೆಗ್ಯುಲೇಟರ್ (ವೋಲ್ಟೇಜ್ ಸ್ಥಿರವಾಗಿಡುವ ಚಿಪ್) ಇದ್ದರೆ ಅದೊಂದೇ 5 ಮಿಲಿಆಂಪಿಯರ್‌ನಷ್ಟು ಹೀರುತ್ತದೆ, ಐದು ತಿಂಗಳು ದಾಟುವಷ್ಟರಲ್ಲಿ ಸೆಲ್ ಖಾಲಿ. ಅದನ್ನು ತೆಗೆದು ಕಡಿಮೆ ಹೀರುವ ಎಂಸಿಪಿ1700 ರೆಗ್ಯುಲೇಟರ್ ಹಾಕಿ, ಪವರ್ ಎಲ್‌ಇಡಿ ಕಿತ್ತುಬಿಡಿ. ಬ್ಯಾಟರಿ ವೋಲ್ಟೇಜ್ ಅಳೆಯಲು ಇಟ್ಟ 100 ಕಿಲೋಓಮ್‌ನ ಎರಡು ರೆಸಿಸ್ಟರ್‌ಗಳೂ ಸದಾ 18 ಮೈಕ್ರೋಆಂಪಿಯರ್ ಎಳೆಯುತ್ತವೆ. ಅಳೆಯುವಾಗಷ್ಟೇ ಅವನ್ನು ಜೋಡಿಸುವ ಮಾಸ್ಫೆಟ್ (ಸ್ವಿಚ್‌ನಂತೆ ಕೆಲಸ ಮಾಡುವ ಟ್ರಾನ್ಸಿಸ್ಟರ್) ಬೇಕು.

ಈ ಸೆಲ್‌ಗಳು ಬಹಳ ದಿನ ಸುಮ್ಮನಿದ್ದರೆ ಒಳಗೆ ಪದರ ಕಟ್ಟುತ್ತದೆ. 22 ಡಿಬಿಎಂ ಪ್ರಸಾರ ಶಕ್ತಿಯಲ್ಲಿ ಕಳಿಸುವಾಗ ರೇಡಿಯೋ 118 ಮಿಲಿಆಂಪಿಯರ್ ಕೇಳುತ್ತದೆ. ಆ ಪದರ ಕರೆಂಟಿಗೆ ತಡೆಯೊಡ್ಡುವುದರಿಂದ ಒಮ್ಮೆಲೇ ವೋಲ್ಟೇಜ್ ಕುಸಿದು ನೋಡ್ ರೀಸೆಟ್ ಆಗುತ್ತದೆ. ಸೋರಿಕೆ ಕಡಿಮೆ ಇರುವ ಕೆಪಾಸಿಟರ್ ಒಂದನ್ನು ಸೆಲ್ಲಿಗೆ ಸಮಾಂತರವಾಗಿ ಹಾಕಿದರೆ ಈ ಕಾಟ ತಪ್ಪುತ್ತದೆ.

ಎಲ್ಲಕ್ಕಿಂತ ದೊಡ್ಡ ಹಾನಿ ಗೇಟ್‌ವೇ (ನೋಡ್‌ಗಳ ಸಂದೇಶ ಹಿಡಿದು ಜಾಲಕ್ಕೆ ದಾಟಿಸುವ ಸಾಧನ) ನಿಂತಾಗ ಆಗುವುದು. ಎಡಿಆರ್ (ಸಿಗ್ನಲ್‌ಗೆ ತಕ್ಕಂತೆ ಸಂದೇಶದ ವೇಗವನ್ನು ತಾನೇ ಹೊಂದಿಸುವ ವ್ಯವಸ್ಥೆ) ಆನ್ ಇದ್ದ ನೋಡ್, ಉತ್ತರ ಬಾರದಿದ್ದಾಗ ಹಂತಹಂತವಾಗಿ ಎಸ್‌ಎಫ್7ರಿಂದ ಎಸ್‌ಎಫ್12ರತ್ತ ಏರುತ್ತದೆ (ಎಸ್‌ಎಫ್ ಅಂದರೆ ಸ್ಪ್ರೆಡಿಂಗ್ ಫ್ಯಾಕ್ಟರ್; ಸಂಖ್ಯೆ ಹೆಚ್ಚಿದಷ್ಟೂ ಸಂದೇಶ ನಿಧಾನ, ತಲುಪುವ ದೂರ ಹೆಚ್ಚು). 125 ಕಿಲೋಹರ್ಟ್ಸ್‌ನಲ್ಲಿ 10 ಬೈಟ್ ಮಾಹಿತಿ ಕಳಿಸಲು ಎಸ್‌ಎಫ್7ರಲ್ಲಿ ಸುಮಾರು 62 ಮಿಲಿಸೆಕೆಂಡ್ ಹಿಡಿದರೆ, ಎಸ್‌ಎಫ್12ರಲ್ಲಿ ಒಂದೂವರೆ ಸೆಕೆಂಡ್: ಒಂದೇ ಸಂದೇಶಕ್ಕೆ 24 ಪಟ್ಟು ಹೊತ್ತು. ಸ್ವೀಕೃತಿ (ತಲುಪಿತೆಂಬ ಉತ್ತರ) ಕೇಳುವ ಸಂದೇಶಗಳಾದರೆ ಮರುಪ್ರಯತ್ನಗಳ ಖರ್ಚೂ ಸೇರುತ್ತದೆ. ಪ್ರಾಣಿ ಹಾದುಹೋದ ಸುದ್ದಿಗೆ ಸ್ವೀಕೃತಿ ಬೇಡ; ಸಂದೇಶಕ್ಕೊಂದು ಕ್ರಮಸಂಖ್ಯೆ ಹಾಕಿ, ನಡುವೆ ಕಳೆದುಹೋದದ್ದು ಅದರಿಂದಲೇ ಗೊತ್ತಾಗುತ್ತದೆ. ಜಾಯಿನ್ (ನೋಡ್ ಜಾಲಕ್ಕೆ ಸೇರಿಕೊಳ್ಳುವ ಯತ್ನ) ವಿಫಲವಾದರೆ ಮುಂದಿನ ಯತ್ನದ ಅಂತರವನ್ನು ದುಪ್ಪಟ್ಟು ಮಾಡುತ್ತಾ ಹೋಗುವ ಫರ್ಮ್‌ವೇರ್ ಕಡ್ಡಾಯ.

ಪಿಐಆರ್ ಬಗ್ಗೆ ಮೆಚ್ಚುಗೆ ಅಷ್ಟಕ್ಕಷ್ಟೆ. ಬಿಸಿಲಿಗೆ ಕಾದ ಹುಲ್ಲು ಅಲುಗಿದರೂ ಎಚ್ಚರವಾಗುತ್ತದೆ. ಗಾಳಿಯ ಬಿಸಿ ಪ್ರಾಣಿಯ ಮೈಬಿಸಿಗೆ ಹತ್ತಿರ ಬಂದರೆ ನಿಜವಾದ ಪ್ರಾಣಿಯೂ ತಪ್ಪಿಹೋಗುತ್ತದೆ. ಮುಂದಿನ ಹುಲ್ಲು ಸವರಿ, ಜಾಡು ಸೆನ್ಸರಿಗೆ ಅಡ್ಡ ಹಾಯುವಂತೆ ಕೂರಿಸಿ, ಒಮ್ಮೆ ಎಚ್ಚರವಾದ ಮೇಲೆ 60 ಸೆಕೆಂಡ್ ಕಡೆಗಣಿಸುವಂತೆ ಹೊಂದಿಸಿ.

ನೀರು ನುಗ್ಗದ ಐಪಿ67 ದರ್ಜೆಯ ಪೆಟ್ಟಿಗೆ ಇದ್ದರೂ ಒಳಗೆ ನೀರಾಡುತ್ತದೆ, ಏಕೆಂದರೆ ರಾತ್ರಿ ತಣಿದಾಗ ಗ್ಯಾಸ್ಕೆಟ್ ಸಂದಿನಿಂದ ತೇವದ ಗಾಳಿ ಒಳಗೆಳೆದುಕೊಳ್ಳುತ್ತದೆ. ಗಾಳಿ ಬಿಟ್ಟು ನೀರು ತಡೆಯುವ ಪೊರೆಯ ವೆಂಟ್ ಕೂರಿಸಿ. ಆಂಟೆನಾವನ್ನು ಮರದ ಬೊಡ್ಡೆಗೆ ಒತ್ತಿ ಕಟ್ಟಬೇಡಿ, ಹಸಿ ಮರ ಸಿಗ್ನಲ್ ನುಂಗುತ್ತದೆ.

ಪ್ರಾಣಿಯ ಕೊರಳಪಟ್ಟಿಗೆ ಈ ನೋಡ್ ಬೇಡ: ಜಿಪಿಎಸ್ ಸೇರಿದರೆ ಮೇಲಿನ ಲೆಕ್ಕವೆಲ್ಲ ಬದಲಾಗುತ್ತದೆ, ಚಲಿಸುವ ನೋಡ್‌ಗೆ ಎಡಿಆರ್ ಕೂಡ ಹೊಂದುವುದಿಲ್ಲ.